ಅಂಗೈ ನೋಡಿ ಬಿಟ್ಟ ಉಸಿರು

೧೯೮೬ರಲ್ಲಿ ನಾನು ಅಣ್ಣಿಗೇರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಓದಿನಲ್ಲಿ ಅಷ್ಟಕ್ಕಷ್ಟೇ, ಮಂದಿಯ ದನಿ ಕದಿಯುವುದರಲ್ಲಿ ಮಾತ್ರ ಪ್ರಥಮ ದರ್ಜೆ. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ ಎಲ್ಲ ಬರುತ್ತಿತ್ತು. ನನ್ನ ಗೊರಕೆಯನ್ನೂ ರೂಮಿನವರಿಂದ ಕೇಳಿ ಕಲಿತಿದ್ದೆ.

ಪರೀಕ್ಷೆ ಸಮೀಪಿಸಿ ಹುಡುಗರು ಊಟ ಬಿಟ್ಟು ಒಣಗತೊಡಗಿದಾಗ, ಕಾಲೇಜಿನವರು ಧ್ಯಾನ ಕಲಿಸಲು ಒಬ್ಬ ನಿವೃತ್ತ ಮಾಸ್ತರರನ್ನು ಕರೆಸಿದರು. ದಿನಾ ಮುಂಜಾನೆ ನಮ್ಮನ್ನು ಜಮಖಾನೆಯ ಮೇಲೆ ಕೂಡ್ರಿಸಿ, "ಕಣ್ಣ ಮುಚ್ಚರಿ... ಉಸಿರು ಒಳಗ ತಗೋರಿ... ಸಾವಕಾಶ ಬಿಡ್ರಿ..." ಎಂದು ರಾಗ ಎಳೆಯುತ್ತಿದ್ದರು. ಮೂರನೆಯ ದಿನ ಅವರು ಬರುವ ಮೊದಲೇ ನಾನು ಅವರ ದನಿಯಲ್ಲಿ ಶುರು ಮಾಡಿದೆ. ಎಲ್ಲರೂ ಶಿಸ್ತಾಗಿ ಕಣ್ಣು ಮುಚ್ಚಿ ಉಸಿರೆಳೆದರು. ತಿರುಗಿ ನೋಡುತ್ತೇನೆ, ಮಾಸ್ತರರು ಹಿಂದೆಯೇ ನಿಂತಿದ್ದಾರೆ!

"ದನಿ ಛಲೋ ಐತಿ ತಮ್ಮಾ. ಉಸಿರು ಬಿಡೂದು ಅವಸರ ಆತು," ಎಂದರಷ್ಟೇ.

ನನ್ನ ಗೆಳೆಯ ಬಸವರಾಜ ಹಿಂದಿನ ವರ್ಷ ಕೆಮಿಸ್ಟ್ರಿಯ ಮೌಖಿಕ ಪರೀಕ್ಷೆಯಲ್ಲಿ ಹೆದರಿ ಬಾಯಿ ಬಿಡದೆ ನಪಾಸಾಗಿದ್ದ. ಈ ಸಲವೂ ಹಾಗಾದರೆ ಓದು ಬಿಡಿಸಿ ಕಿರಾಣಿ ಅಂಗಡಿಯಲ್ಲಿ ಕೂಡ್ರಿಸುತ್ತೇನೆಂದು ಅವನಪ್ಪ ಹೇಳಿಬಿಟ್ಟಿದ್ದರು.

ಪರೀಕ್ಷೆಯ ದಿನ ಲ್ಯಾಬಿನ ಹೊರಗೆ ಅವನು ನೋಟ್‌ಬುಕ್ ತಲೆಕೆಳಗಾಗಿ ಹಿಡಿದು ಓದುತ್ತಿದ್ದ. ನಾನು ಮಾಸ್ತರರ ದನಿ ತೆಗೆದು, "ಕಣ್ಣ ಮುಚ್ಚರಿ..." ಅಂದೆ. ಮುಚ್ಚಿದವನೇ ಬೆಚ್ಚಿಬಿದ್ದ.

"ಲೇ ಚಂದ್ರ್ಯಾ, ಕಣ್ಣ ಮುಚ್ಚಿದ್ರ ಹೋದ ವರ್ಷದ ಪರೀಕ್ಷಕರ ಮೀಸೀನ ಕಾಣಾಕತ್ತೈತಿ!"

ಆಗ ನೆನಪಾದವಳು ಶಲವಡಿಯ ನಮ್ಮಜ್ಜಿ. ಅವಳು ದಿನಾ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಕಣ್ಣು ತೆರೆದೇ ಅದನ್ನು ದಿಟ್ಟಿಸುತ್ತ ಕೂಡುತ್ತಿದ್ದಳು. ಸಣ್ಣವನಿದ್ದಾಗ ನಾನು ಬಾಜೂಕ ನಿಂತು ಬೆಕ್ಕಿನಂತೆ ಕೂಗಿದರೂ ಅಲುಗುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಬೆನ್ನಿಗೊಂದು ಬೀಳುತ್ತಿತ್ತು, ಆ ಮಾತು ಬೇರೆ.

ತುಟಿ ಒಳಗೆ ಮಡಚಿ ಬೊಚ್ಚು ಬಾಯಿಯ ಅಜ್ಜಿಯಾದೆ: "ಕಣ್ಣ ತಗಿಯೋ ಖೋಡಿ! ಕಣ್ಣ ಮುಚ್ಚಿದ್ರ ಮನಸು ಊರೆಲ್ಲಾ ತಿರಗತೈತಿ. ಅಂಗೈ ನೋಡು, ಮನ್ಯಾಗ ಇರತೈತಿ. ಹಾಂ, ಈಗ ಉಸಿರು ಬಿಡು... ಸಾವಕಾಶ."

ಬಸ್ಯಾ ಫಕ್ಕನೆ ನಕ್ಕ. ಆಮೇಲೆ ನಿಜವಾಗಿಯೂ ಅಂಗೈ ನೋಡುತ್ತ ನಿಧಾನ ಉಸಿರಾಡಿದ. ನೋಟ್‌ಬುಕ್ ನನ್ನ ಕೈಗಿಟ್ಟ. ಒಳಗೆ ಹೋದ. ಬಾಗಿಲಿಗೆ ಕಿವಿ ಹಚ್ಚಿದೆ. ಅವನ ದನಿ! ಮಾತಾಡುತ್ತಿದ್ದಾನೆ!

ಹೊರಗೆ ಬಂದವನೇ, "ಏಳು ಪ್ರಶ್ನಿ ಕೇಳಿದ್ರಲೇ, ಆರಕ್ಕ ಹೇಳಿದೆ!" ಎಂದು ನನ್ನನ್ನು ತಬ್ಬಿಕೊಂಡ.

ಅಷ್ಟರಲ್ಲಿ ಸಿಪಾಯಿ ನನ್ನ ಹೆಸರು ಕೂಗಿದ. ಎದ್ದು ನಿಂತೆ. "ಬಂದೆರಿ" ಅನ್ನಲು ಹೋದರೆ ದನಿಯೇ ಹೊರಡಲಿಲ್ಲ. ಇಪ್ಪತ್ತು ಮಂದಿಯ ದನಿ ತುಂಬಿಕೊಂಡಿದ್ದ ಗಂಟಲಿನಲ್ಲಿ ನನ್ನದೊಂದೇ ಇರಲಿಲ್ಲ!

ಬಸ್ಯಾ ನನ್ನ ಮುಖ ನೋಡಿದ. ಜನ್ಮದಲ್ಲಿ ಯಾರ ಅಣಕವನ್ನೂ ಮಾಡದವನು ತುಟಿ ಮಡಚಿಕೊಂಡು, "ಅಂಗೈ ನೋಡೋ ಖೋಡೀ..." ಅಂದ. ಅದು ಅಜ್ಜಿಯ ದನಿಯಲ್ಲ, ಹಸಿದ ಎಮ್ಮೆ ಕರುವಿನದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎದೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ತಾನಾಗಿಯೇ ಹೊರಗೆ ಬಂತು. ಅಂಗೈ ನೋಡುತ್ತ ಒಳಗೆ ನಡೆದೆ.

ಇಬ್ಬರೂ ಪಾಸಾದೆವು. ಅವನಿಗೆ ನನಗಿಂತ ಎರಡು ಅಂಕ ಜಾಸ್ತಿ, ಅದನ್ನು ಹೇಳಿಕೊಳ್ಳುವುದನ್ನು ಅವನು ಇನ್ನೂ ಬಿಟ್ಟಿಲ್ಲ.

ಮುಂದೆ ನೌಕರಿಯ ಸಂದರ್ಶನಕ್ಕೆ ಹೋದಾಗಲೆಲ್ಲ ಹೊರಗೆ ಕೂತು ಅಂಗೈ ನೋಡಿಕೊಳ್ಳುತ್ತಿದ್ದೆ. ಆಗ ನನಗೆ ಕೇಳುತ್ತಿದ್ದುದು ಮಾಸ್ತರರ ದನಿಯಲ್ಲ, ಅಜ್ಜಿಯದೂ ಅಲ್ಲ. ಆ ಎಮ್ಮೆ ಕರುವಿನದು. ಎಷ್ಟು ಸಲ ಪ್ರಯತ್ನಿಸಿದರೂ ಅದೊಂದು ದನಿ ಮಾತ್ರ ನನಗೆ ಕದಿಯಲು ಬಂದಿಲ್ಲ.