ಬಾಯಿಗೆ ಅಡ್ಡ ಹಿಡಿದ ಕಾರ್ಡು

ಖಟಕ್ ಖಟಕ್ ಖಟಕ್ ಎನ್ನುತ್ತಿದ್ದದ್ದು ಒಮ್ಮೆಲೇ ನಿಧಾನವಾಗಿ, ಖಟ... ಕ್ ಎಂದು ನಿಂತುಬಿಡುತ್ತಿತ್ತು. ಬನಹಟ್ಟಿಯ ಆ ಶಾಲೆಯಲ್ಲಿ ಕರೆಂಟ್ ಹೋದದ್ದು ನಮಗೆ ಗೊತ್ತಾಗುತ್ತಿದ್ದದ್ದು ಹೀಗೆ. ಓಣಿಯ ಪವರ್‌ಲೂಮ್‌ಗಳೆಲ್ಲ ಬಾಯಿ ಮುಚ್ಚಿದ ಆ ಗಳಿಗೆಯಲ್ಲಿ ನನ್ನ ಎಂಟನೆಯ ತರಗತಿ ಮಾತ್ರ ಮೊದಲಿನ ಸ್ವರದಲ್ಲೇ ಕೂಗುತ್ತಿರುತ್ತಿತ್ತು. "ಟೀಚರ್, ಇಂವಾ ನನ್ನ ರಬ್ಬರ್ ಕಚ್ಯಾನ್ರೀ!" ಎಂಬ ದೂರು ಇಡೀ ಊರಿಗೆ ಕೇಳುವಂತೆ ಹೋಗಿ ಬೀಳುತ್ತಿತ್ತು. ಮಕ್ಕಳು ತಮ್ಮ ದನಿಗೆ ತಾವೇ ಬೆಚ್ಚಿ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. "ಸೈಲೆನ್ಸ್" ಎನ್ನುತ್ತಿದ್ದೆ. ಈಗ ಅನಿಸುತ್ತದೆ, ಒಂದೆರಡು ಸಲವಾದರೂ ನಗಬಹುದಿತ್ತು.

ನಾನು ಜಮಖಂಡಿಯಲ್ಲಿ ಮೂರು ದಶಕಕ್ಕೂ ಮಿಕ್ಕಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಕೊರೊನಾ ಇಳಿದು ಶಾಲೆಗಳು ಮತ್ತೆ ತೆರೆದ ವರ್ಷ, ಬನಹಟ್ಟಿಯ ಸಣ್ಣದೊಂದು ಶಾಲೆಯವರು ಬಂದು, ಇಂಗ್ಲಿಷ್‌ಗೆ ಯಾರೂ ಸಿಗುತ್ತಿಲ್ಲ, ಒಂದೆರಡು ವರ್ಷ ಬನ್ನಿ ಎಂದರು. ಮನೆಯಲ್ಲಿ ಕೂತು ಕ್ರಾಸ್‌ವರ್ಡ್ ತುಂಬಿಸುವುದಕ್ಕಿಂತ ಇದು ವಾಸಿ ಎಂದು ಒಪ್ಪಿದೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಬರುವುದು. ಟಿಫಿನ್ ಡಬ್ಬಿ, ಛತ್ರಿ, ಮತ್ತು ನನ್ನ ಕಾರ್ಡು.

ಈ ಕಾರ್ಡಿನ ವಿಷಯ ಹೇಳಲೇಬೇಕು. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಡಿಕ್ಟೇಶನ್ ಕೊಡುವಾಗ ಒಂದು ಹಳೆಯ ಕ್ರಿಸ್‌ಮಸ್ ಕಾರ್ಡನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. "ಲಿಸನ್ ವಿತ್ ಯುವರ್ ಇಯರ್ಸ್, ಗರ್ಲ್ಸ್." ತುಟಿ ನೋಡಿ ಊಹಿಸುವವಳಿಗೆ ಭಾಷೆ ಬರುವುದಿಲ್ಲ, ಕಿವಿಯಿಂದ ಹಿಡಿದವಳಿಗೆ ಮಾತ್ರ ಬರುತ್ತದೆ ಎಂಬುದು ಅವರ ನಂಬಿಕೆ. ಚಳಿಗಾಲದ ಬೆಳಗಿನಲ್ಲಿ ಆ ಕಾರ್ಡಿನ ಹಿಂದಿನಿಂದ ಬರುತ್ತಿದ್ದ ಸ್ವಚ್ಛವಾದ ದನಿ, ಇಂಕಿನ ವಾಸನೆ, ನಮ್ಮ ನಲವತ್ತು ಪೆನ್ನುಗಳ ಸರಸರ, ನನಗೆ ಕಲಿಕೆ ಎಂದರೆ ಅದೇ ಆಗಿಬಿಟ್ಟಿತ್ತು. ನಾನು ಟೀಚರ್ ಆದ ಮೊದಲ ದಿನವೇ ಒಂದು ಕಾರ್ಡು ಕೊಂಡೆ. ಅದು ಸವೆದಾಗ ಇನ್ನೊಂದು. ನನ್ನ ಎಷ್ಟೋ ವಿದ್ಯಾರ್ಥಿಗಳು ಹೀಗೇ ಕಲಿತು ಡಾಕ್ಟರು, ಬ್ಯಾಂಕ್ ಆಫೀಸರು ಆದರು. ಅಂದಮೇಲೆ ಮೆಥಡ್ ಸರಿ ಎಂದು ಯಾರು ತಾನೇ ಅಂದುಕೊಳ್ಳುವುದಿಲ್ಲ?

ಬನಹಟ್ಟಿಯ ಆ ಎಂಟನೆಯ ತರಗತಿಯಲ್ಲಿ ಮೂರನೇ ಬೆಂಚಿಗೆ ಒಬ್ಬ ಹುಡುಗಿ ಕೂರುತ್ತಿದ್ದಳು. ನೇಕಾರರ ಮನೆಯವಳು. ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಎರಡು ಜಡೆ, ಅಗಲ ಹಣೆ. ನಾನು ಪಾಠ ಮಾಡುತ್ತಿದ್ದಷ್ಟು ಹೊತ್ತು ಆಕೆ ನನ್ನ ಮುಖವನ್ನು ಎವೆಯಿಕ್ಕದೆ ನೋಡುತ್ತಿದ್ದಳು. ಮೊದಲು ಮಾಸ್ಕ್ ಹಾಕಿಕೊಂಡೇ ಪಾಠ ನಡೆಯಿತಲ್ಲ, ಆಗಂತೂ ಆಕೆಯ ಡಿಕ್ಟೇಶನ್ ಹಾಳೆ ಬರೀ ಖಾಲಿ. ಮಾಸ್ಕ್ ಹೋಯಿತು, ಕಾರ್ಡು ಬಂತು. ಹಾಳೆ ಖಾಲಿಯೇ ಉಳಿಯಿತು. ಪಾಠದ ನಡುವೆ ಬರೆದುಕೊಂಡ ನೋಟ್ಸ್ ನೋಡಿದರೆ ಅದು ಇನ್ನೂ ವಿಚಿತ್ರ. ನಾನು 'ಮ್ಯಾಟ್' ಎಂದದ್ದನ್ನು 'ಬ್ಯಾಟ್' ಎಂದು, 'ಬೇರ್' ಎಂದದ್ದನ್ನು 'ಪೇರ್' ಎಂದು, 'ಮಿಲ್' ಎಂದದ್ದನ್ನು 'ಪಿಲ್' ಎಂದು ಬರೆದಿರುತ್ತಿದ್ದಳು. ಕೆಂಪು ಪೆನ್ನಿನಿಂದ ಸುತ್ತು ಹಾಕೀ ಹಾಕೀ ನನಗೆ ಸಾಕಾಯಿತು. ನೋಡುವುದೇನೋ ಗೊಂಬೆಯ ಹಾಗೆ ನೋಡುತ್ತಾಳೆ, ಮನಸ್ಸು ಮಾತ್ರ ಎಲ್ಲೋ. ಬೋರ್ಡಿನ ಕಡೆ ತಿರುಗಿ ಪ್ರಶ್ನೆ ಕೇಳಿದರೆ ಉತ್ತರವೇ ಇಲ್ಲ. ತಿರುಗಿ ನೋಡಿದರೆ ಮತ್ತೆ ಅದೇ ದೃಷ್ಟಿ. ಅಹಂಕಾರ ಎಂದುಕೊಂಡೆ. ಫ್ರಾಂಕ್ಲಿ, ನನಗೆ ಆಕೆಯ ಮೇಲೆ ಸಿಟ್ಟೇ ಇತ್ತು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಆಕೆಯ ಡೈರಿಯಲ್ಲಿ ಇಂಗ್ಲಿಷಿನಲ್ಲಿ ಒಂದು ರಿಮಾರ್ಕ್ ಬರೆದೆ. ಗಮನ ಕೊಡುವುದಿಲ್ಲ, ಪ್ರಯತ್ನವನ್ನೂ ಮಾಡುವುದಿಲ್ಲ ಎಂಬ ಅರ್ಥದ್ದು. ಬರೆದು ಮರೆತೆ.

ದೀಪಾವಳಿ ರಜೆಗೆ ನಾಲ್ಕು ದಿನ ಇರುವಾಗ ಗಣಿತದ ಮಾಸ್ತರು ಸ್ಟಾಫ್ ರೂಮಿನಲ್ಲಿ ನನ್ನೆದುರು ಚಹಾದ ಲೋಟ ಇಟ್ಟು ಕೂತರು. ಬಾಡಗಂಡಿ ಕಡೆಯ ಕಬ್ಬು ಬೆಳೆಯುವ ಮನೆತನದವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ದೊಡ್ಡ ಗಂಟಲು.

"ಮೇಡಂ, ಆ ಮೂರನೇ ಬೆಂಚಿನಾಕಿ ರಜಾ ಮುಗದ ಮ್ಯಾಲೆ ಸಾಲಿಗೆ ಬರಂಗಿಲ್ಲಂತ್ರಿ. ಮನ್ಯಾಗ ಕಂಡಿಕಿ ಸುತ್ತಾಕ ಕುಂದರಸ್ತಾರಂತ."

"ಯಾಕೆ?"

"ನೀವ ಬರದೀರಲ್ರಿ. ಆಕಿ ಅಪ್ಪ ಡೈರಿ ತಗೊಂಡು ನನ್ನ ಕಡೆ ಬಂದಿದ್ದ. ಇಂಗ್ಲಿಷ್‌ನ್ಯಾಗ ಐತಿ, ಓದಿ ಹೇಳ್ರಿ ಅಂದ. ಓದಿ ಹೇಳಿದ್ನಿ. ಆ ಪಾಪ ನನಗ ಬಂತು ನೋಡ್ರಿ."

ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಸಣ್ಣ ಕಡ್ಡಿ. ಶಾಲೆ ಬಿಟ್ಟ ಹೆಣ್ಣುಮಕ್ಕಳ ಕೈಗೆ ಅಲ್ಲಿ ಮೊದಲು ಬರುವ ಕೆಲಸ ಅದೇ. ಒಮ್ಮೆ ಕೂತವಳು ಮತ್ತೆ ಬೆಂಚಿಗೆ ಬಂದದ್ದನ್ನು ನಾನು ಕಂಡಿಲ್ಲ.

"ನಾನು ಇದ್ದದ್ದನ್ನು ಬರೆದೆ ಮಾಸ್ತರೇ. ಶೀ ಡಸ್ ನಾಟ್ ಟ್ರೈ."

"ನನ್ನ ಲೆಕ್ಕದಾಗ ಆಕಿ ಫಸ್ಟ್ ಅದಾಳ್ರಿ."

"ಗಣಿತ ಬೇರೆ, ಇಂಗ್ಲಿಷ್ ಬೇರೆ."

"ಖರೆ. ಆದ್ರ ಹುಡುಗಿ ಒಬ್ಬಾಕಿನ ಅಲ್ರೀ?" ಅವರು ಚಹಾ ಊದಿ ಕುಡಿದರು. "ನಂದೊಂದು ದಡ್ಡ ಪದ್ಧತಿ ಐತ್ರಿ. ಹುಡುಗರಿಗೆ ತಿಳೀಲಿಲ್ಲಂದ್ರ ಹೇಳಿದಂವಾ ನಾ ತಪ್ಪೇನಿ ಅಂತ ತಿಳಕೋತೀನಿ. ಮತ್ತೊಂದು ನಮೂನಿ ಹೇಳ್ತೀನಿ. ನಮ್ಮ ಎತ್ತಿಗೂ ನಾ ಹಂಗ ಮಾಡಾಂವ."

"ನನ್ನ ಮಕ್ಕಳು ಎತ್ತುಗಳಲ್ಲ."

"ನಮ್ಮ ಎತ್ತಿಗಿ ಅದನ್ನ ಹೇಳಬ್ಯಾಡ್ರಿ ಮತ್ತ, ಬ್ಯಾಸರಾ ಮಾಡ್ಕೋತಾವು" ಎಂದು ದೊಡ್ಡದಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಒಂದ್ಸಲ ಮನಿಗೆ ಹೋಗಿ ಬರ್ರಿ ಮೇಡಂ. ನೀವ ಬರದದ್ದು, ನೀವ ಅಳಸಬೇಕು. ನಾ ಹೇಳಿದ್ರ ಅಂವಾ ಕೇಳವಲ್ಲ" ಎಂದರು.

ಅಳಿಸಲು ಹೋಗಲಿಲ್ಲ ನಾನು. ನನ್ನ ಮಾತು ಸರಿ ಎಂದು ತೋರಿಸಿ, ಆದರೂ ಶಾಲೆ ಬಿಡಿಸಬೇಡಿ ಎಂದು ದೊಡ್ಡ ಮನಸ್ಸಿನಿಂದ ಹೇಳಿ ಬರಲು ಹೋದೆ.

ಮನೆಯ ಮುಂಭಾಗವೆಲ್ಲ ಮಗ್ಗಗಳೇ. ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುತ್ತಿದ್ದವು. ಹೊಸ್ತಿಲು ದಾಟಿದರೆ ಸದ್ದು ಎದೆಗೇ ಬಡಿಯುತ್ತಿತ್ತು. ಹುಡುಗಿಯ ಸೋದರತ್ತೆ, ಅಣ್ಣನ ಮನೆಯಲ್ಲೇ ಇದ್ದು ಮಗ್ಗ ನೋಡಿಕೊಳ್ಳುವ ಗಟ್ಟಿ ಹೆಂಗಸು, ಆ ತುದಿಯಿಂದ ನನ್ನನ್ನು ಕಂಡು ಏನೋ ಹೇಳಿದರು. ದನಿ ಇಲ್ಲ. ಬರೀ ತುಟಿ ಆಡಿತು. ನಾನು ಕಿವಿಗೆ ಕೈ ಹಚ್ಚಿ "ಏನು?" ಎಂದು ಕೂಗಿದೆ. ಅವರು ಮತ್ತೆ ಹಾಗೇ ತುಟಿ ಆಡಿಸಿದರು. ಈ ತುದಿಯಲ್ಲಿ ಕಂಡಿಕೆ ಸುತ್ತುತ್ತಿದ್ದ ಹುಡುಗಿ ಎದ್ದು ಬಂದು ನನ್ನ ಕಿವಿಯ ಹತ್ತಿರ ಕೂಗಿದಳು: "ಕುಂದರ್ರಿ, ಚಾ ಕುಡೀತೀರೇನು ಅನ್ನಾಕತ್ತಾಳ್ರಿ ಅತ್ತಿ!"

ಆಮೇಲೆ ಅತ್ತೆ ಮತ್ತು ಸೊಸೆ ಮಾತಿಗೆ ನಿಂತರು. ನಡುವೆ ನಾಲ್ಕು ಮಗ್ಗ. ಒಂದು ಶಬ್ದ ಹೊರಡಲಿಲ್ಲ. ತುಟಿ ಮತ್ತು ಹುಬ್ಬು, ಒಮ್ಮೊಮ್ಮೆ ಬೆರಳು. ಸಕ್ಕರೆ ಹಾಕಬೇಕೋ ಬೇಡವೋ ಎಂಬ ಚರ್ಚೆ ಇರಬೇಕು, ಹುಡುಗಿ ನನ್ನ ಕಡೆ ನೋಡಿ, ಅತ್ತೆಯ ಕಡೆ ಏನೋ ಅಂದಳು. ಅತ್ತೆ ಸೆರಗು ಬಾಯಿಗೆ ಒತ್ತಿ ನಕ್ಕರು. ನನ್ನ ತರಗತಿಯಲ್ಲಿ ಗೊಂಬೆಯಂತೆ ಕೂರುವ ಆ ಮುಖ ಇಲ್ಲಿ ಒಂದು ನಿಮಿಷಕ್ಕೆ ಹತ್ತು ಬಣ್ಣ ತಾಳುತ್ತಿತ್ತು. ಆ ಓಣಿಯ ಮನೆಗಳಲ್ಲೆಲ್ಲ ಹೀಗೇ ಮಾತಾಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅತ್ತೆ ಚಹಾ ತರಲು ಒಳಗೆ ಹೋದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಹುಡುಗಿ ನನಗೆ ಬೆನ್ನು ಮಾಡಿ ರಾಟೆಯ ಮುಂದೆ ಬಗ್ಗಿದ್ದಳು. ನಾನು ನನ್ನ ಮಾಮೂಲು ದನಿಯಲ್ಲಿ ಆಕೆಯ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, "ಏ ಹುಡುಗಿ, ಅಕ್ಕಾರು ಕರಿಯಾಕತ್ತಾರ ಕೇಳಸವಲ್ದೇನ ಬೇ?" ಎಂದರು. ಆ ನಿಶ್ಶಬ್ದದಲ್ಲಿ ನಾವಿಬ್ಬರೂ ಆಕೆಯ ಬೆನ್ನನ್ನೇ ನೋಡುತ್ತ ನಿಂತೆವು. ಆಕೆ ನೂಲಿನ ತುದಿಯನ್ನು ನಾಲಿಗೆಗೆ ಹಚ್ಚಿ ಹೊಸೆಯುತ್ತಿದ್ದಳು.

"ಇಕಿಗಿ ಕೇಳಸವಲ್ದಲ್ರೀ ಅಕ್ಕಾರ" ಎಂದರು ಅತ್ತೆ, ಮೆಲ್ಲಗೆ. ಕೈಯಲ್ಲಿದ್ದ ಕಪ್ಪಿನಿಂದ ಚಹಾ ಚೆಲ್ಲಿ ಸೀರೆಯ ಮೇಲೆ ಬಿತ್ತು. ಅವರಿಗೆ ಗೊತ್ತಾಗಲಿಲ್ಲ.

ಎಷ್ಟು ವರ್ಷದಿಂದ ಕಿವಿ ಮಂದವಾಗಿತ್ತೋ ಯಾರಿಗೆ ಗೊತ್ತು. ಆ ಮನೆಯಲ್ಲಿ ಮಾತಿಗೆ ಕಿವಿಯೇ ಬೇಕಾಗಿರಲಿಲ್ಲ, ಹಾಗಾಗಿ ಯಾರಿಗೂ ತಿಳಿದಿರಲಿಲ್ಲ. ಹುಡುಗಿಗೂ ಅದು ಕೊರತೆ ಎಂದು ಅನಿಸಿರಲಿಲ್ಲ. ಎಲ್ಲರೂ ಹೀಗೇ ನೋಡಿಯೇ ಕೇಳುತ್ತಾರೆ ಎಂದುಕೊಂಡಿದ್ದಳಂತೆ. ಮ, ಬ, ಪ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ನೀವೂ ಕನ್ನಡಿಯ ಮುಂದೆ ನಿಂತು ನೋಡಿ. ನಾನು ಅಂದು ಸಂಜೆ ಮನೆಗೆ ಬಂದು ಬಚ್ಚಲಿನ ಕನ್ನಡಿಯ ಮುಂದೆ ಮ್ಯಾಟ್, ಬ್ಯಾಟ್, ಪ್ಯಾಟ್ ಎಂದು ಎಷ್ಟು ಸಲ ಅಂದೆನೋ. ನನ್ನ ಕೆಂಪು ಸುತ್ತುಗಳೊಳಗೆ ಇದ್ದ ತಪ್ಪು, ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಗಮನ ಕೊಟ್ಟವಳ ತಪ್ಪಾಗಿತ್ತು.

ಮರುದಿನ ಮತ್ತೆ ಆ ಮನೆಗೆ ಹೋದೆ. ಅಪ್ಪನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಕಿವಿ ಕೇಳಿಸುವುದಿಲ್ಲ ಎಂದು ತಿಳಿದ ಮೇಲಂತೂ, "ಹಂಗಾದ್ರ ಸಾಲಿಗೆ ಹೋಗಿ ಏನ್ ಮಾಡಾಕಿ? ಮನ್ಯಾಗ ಇರಲಿ ಬಿಡ್ರಿ" ಎಂದರು. ಕೆಟ್ಟ ಮನುಷ್ಯ ಅಲ್ಲ. ಮಗಳು ನಾಲ್ಕು ಜನರ ಮುಂದೆ ನಗೆಪಾಟಲಾಗಬಾರದು ಎಂಬ ಹೆದರಿಕೆ. ನಾನು ಡೈರಿ ತೆಗೆಸಿಕೊಂಡು, ನನ್ನ ಇಂಗ್ಲಿಷ್ ರಿಮಾರ್ಕಿಗೆ ಅಡ್ಡಗೆರೆ ಹೊಡೆದು, ಅದರ ಕೆಳಗೆ ಕನ್ನಡದಲ್ಲಿ ಬರೆದೆ: ಹುಡುಗಿ ಗಮನ ಕೊಡುತ್ತಿದ್ದಳು. ಟೀಚರ್ ಬಾಯಿ ಮುಚ್ಚಿಕೊಂಡಿದ್ದರು. ಈ ಸಲ ಓದಲು ಅವರಿಗೆ ಯಾರೂ ಬೇಕಾಗಲಿಲ್ಲ. ಎರಡು ಸಲ ಓದಿದರು. ಅತ್ತೆ ಪಕ್ಕದಿಂದ, "ಕಿವಿ ಕೇಳಸೂದಿಲ್ಲಂತ ಸಾಲಿ ಬಿಡಸ್ತಿ? ಈ ಖಟಕಟಿಯೊಳಗ ನಿನಗ ಎಷ್ಟ ಕೇಳಸ್ತೈತಿ ಹೇಳು? ಮಗ್ಗ ಬಿಟ್ಟಿ ಏನ ನೀ?" ಎಂದರು. ಅಪ್ಪ ಡೈರಿ ಮುಚ್ಚಿ ಮಗಳ ಕೈಗೆ ಕೊಟ್ಟರು. ರಜೆ ಮುಗಿದ ಸೋಮವಾರ ಹುಡುಗಿ ಮೂರನೇ ಬೆಂಚಿನಲ್ಲಿದ್ದಳು. ಎಬ್ಬಿಸಿ ಮೊದಲನೇ ಬೆಂಚಿಗೆ ಕೂರಿಸಿದೆ.

ಬಾಗಲಕೋಟೆಯ ದವಾಖಾನೆಯಲ್ಲಿ ತಪಾಸಣೆ ಆಯಿತು, ಕಿವಿಗೆ ಮಷಿನ್ ಬಂತು. ಅದು ಮಗ್ಗದ ಸದ್ದನ್ನೂ ದೊಡ್ಡದು ಮಾಡುತ್ತದೆಂದು ಆಕೆ ಮನೆಯಲ್ಲಿ ತೆಗೆದಿಡುತ್ತಿದ್ದಳು. ನನಗೆ ಬದಲಾಗುವುದು ಅದಕ್ಕಿಂತ ಕಷ್ಟವಾಯಿತು. ಬೋರ್ಡಿನ ಕಡೆ ತಿರುಗಿ ಮಾತಾಡುವ ಅಭ್ಯಾಸ ಒಂದು ದಿನಕ್ಕೆ ಹೋಗುವಂಥದ್ದೇ? ಅರ್ಧ ವಾಕ್ಯ ಬೋರ್ಡಿಗೆ ಹೇಳಿ, ನೆನಪಾಗಿ, ತಿರುಗಿ ಪೂರಾ ವಾಕ್ಯ ಮತ್ತೆ ಹೇಳುತ್ತಿದ್ದೆ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಜಾಗ ಹುಡುಕಿ ಅಲ್ಲಿ ನೆಲಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿಕೊಂಡೆ. ಗಣಿತದ ಮಾಸ್ತರು ಅದನ್ನು ನೋಡಿ, "ಏನ್ರಿ ಮೇಡಂ, ಫೋಟೋ ತೆಗಿಸಾಕ ನಿಂತಂಗ ನಿಂದರ್ತೀರಲ್ಲ!" ಎಂದು ಚೇಷ್ಟೆ ಮಾಡಿದರು. ಅಚ್ಚರಿಯೆಂದರೆ ಬೇರೆ ಮಕ್ಕಳ ಡಿಕ್ಟೇಶನ್ ಕೂಡ ಸುಧಾರಿಸಿತು. ಅರ್ಧ ತರಗತಿ ಮಗ್ಗದ ಮನೆಯಿಂದಲೇ ಬರುತ್ತಿತ್ತಲ್ಲ.

ಬೆಳಗಾವಿಯ ಆ ಸಿಸ್ಟರ್ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ. ಆಕೆ ಕೊಟ್ಟ ಭಾಷೆಯಿಂದಲೇ ನಾನು ಅನ್ನ ತಿಂದೆ. ಆಕೆಯ ಮುಂದೆ ಕೂತ ನಾವು ನಿಶ್ಶಬ್ದವಾದ ಬಂಗಲೆಗಳಿಂದ ಬಂದವರು, ಆಕೆಯ ಪದ್ಧತಿ ನಮಗೆ ಹೊಂದಿತು. ನಾನು ಆ ಕಾರ್ಡನ್ನು ಯಾರ ಮುಂದೆ ಹಿಡಿದಿದ್ದೇನೆ ಎಂದು ನೋಡಲಿಲ್ಲ, ಅಷ್ಟೆ. ಜಮಖಂಡಿಯ ಅಷ್ಟು ವರ್ಷಗಳಲ್ಲಿ ನಾನು 'ಡಲ್' ಎಂದು ಬರೆದ ಮಕ್ಕಳು ಎಷ್ಟಿದ್ದರೋ. ಕೆಲವು ಮುಖಗಳು ಬೆಳಗಿನ ಜಾವ ನೆನಪಾಗುತ್ತವೆ. ಅವರ ಮನೆ ಹೇಗಿತ್ತು ಎಂದು ನನಗೆ ಗೊತ್ತೇ ಇಲ್ಲ.

ಹುಡುಗಿ ಹತ್ತನೆಯದನ್ನು ಪಾಸು ಮಾಡಿದಳು. ಇಂಗ್ಲಿಷಿನಲ್ಲಿ ದೊಡ್ಡ ಮಾರ್ಕ್ಸ್ ಏನಲ್ಲ, ಗಣಿತದಲ್ಲಿ ಮಾತ್ರ ಮಾಸ್ತರು ಪೇಢೆ ಹಂಚುವಷ್ಟು. ಅಷ್ಟರಲ್ಲಿ ನನ್ನ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪದೆ, ನಾನು ಶಾಲೆ ಬಿಟ್ಟಿದ್ದೆ.

ಕೊನೆಯ ಸಲ ಆಕೆಯನ್ನು ಕಂಡದ್ದು ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ. ಕಾಲೇಜಿನ ಅಡ್ಮಿಶನ್ ಮುಗಿಸಿ ಅತ್ತೆಯ ಜೊತೆ ನಿಂತಿದ್ದಳು. ಕಾಮರ್ಸ್ ತಗೊಂಡೀನ್ರಿ ಎಂದಳು. ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗು. ಆಕೆಗೆ ತಿಳಿಯಲಿ ಎಂದು ನಾನು ಮುಖ ಮುಂದೆ ತಂದು, ಬಾಯಿ ಅಗಲ ಮಾಡಿ, ಒಂದೊಂದೇ ಅಕ್ಷರ ಬಿಡಿಸಿ, ಅಷ್ಟು ದಿನ ಬಾಕಿ ಉಳಿದಿದ್ದ ಮಾತು ಹೇಳಿದೆ. ಆ ರಿಮಾರ್ಕ್ ಬರೆಯಬಾರದಿತ್ತು, ಐ ಆಮ್ ಸಾರಿ, ಎಂದು.

ಆಕೆ ಹುಬ್ಬು ಗಂಟಿಕ್ಕಿ ನನ್ನ ತುಟಿ ನೋಡಿದಳು. ಆಮೇಲೆ ಅತ್ತೆಯ ಕಡೆ ನೋಡಿ ನಗು ತಡೆದುಕೊಂಡಳು.

"ಟೀಚರ್, ಬಾಯಿ ಅಷ್ಟ ದೊಡ್ಡದು ಮಾಡಬ್ಯಾಡ್ರಿ. ಹಂಗ ಮಾಡಿದ್ರ ತುಟಿ ತಿಳಿಯಂಗಿಲ್ರಿ. ಸೀದಾ ಮಾತಾಡ್ರಿ."

ನಾನು ಸೀದಾ ಹೇಳಿದೆ. ಆಕೆ "ಹೂಂ ರೀ" ಎಂದು ತಲೆಯಾಡಿಸಿದಳು. ಬನಹಟ್ಟಿ ಬಸ್ಸು ಬಂತು, ಅತ್ತೆ ಸೀಟು ಹಿಡಿಯಲು ಓಡಿದರು, ಅವರ ಹಿಂದೆ ಆಕೆಯೂ ಹತ್ತಿದಳು.