ಕಾಲು ಚಾಚುವಷ್ಟು ಜಾಗ

ಅತ್ತೆ ಎಲ್ಲಿ ಕುಳಿತರೂ ಅವಳ ಎಡಗಾಲು ನೆಟ್ಟಗೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಹಿಂದೊಮ್ಮೆ ಜಾರಿ ಬಿದ್ದು ಮೊಣಕಾಲು ಮುರಿದಿತ್ತು. ಮೂಳೆ ಕೂಡಿಕೊಂಡರೂ ಕಾಲು ಮತ್ತೆ ಮಡಚಲು ಬರಲಿಲ್ಲ. ಅದರ ಮೇಲೆ ಮನೆತನದಲ್ಲೇ ಎಲ್ಲರಿಗಿಂತ ಎತ್ತರದ ಹೆಂಗಸು. ಯಾರಾದರೂ "ಸ್ವಲ್ಪ ಕಾಲು ಎಳಕೊಳ್ರಿ" ಅಂದರೆ, "ನೀವೇ ಸುತ್ತು ಹಾಕಿ ಹೋಗ್ರಿ, ನಿಮ್ಮ ಕಾಲು ಛಲೋ ಅವ" ಅನ್ನುತ್ತಿದ್ದಳು.

ಅವಳು ನನ್ನ ಅಪ್ಪನ ಅಕ್ಕ. ಬೀದರ್ ಕಡೆಯಿಂದ ಬಂದು ಮರಾಠಿ ಸೀಮೆಯ ಚಿಕಲಠಾಣಾದಲ್ಲಿ ನೆಲೆಸಿದ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಮಾವನದು ದೊಡ್ಡ ಲಾರಿ. ಇಲ್ಲಿನ ಕಾರ್ಖಾನೆಗಳ ಮಾಲನ್ನು ನಾಶಿಕಕ್ಕೆ ಒಯ್ಯುತ್ತಿದ್ದ. ಅತ್ತೆಯೂ ಆಗಾಗ ಜೊತೆಗೆ ಹೋಗುತ್ತಿದ್ದಳು. ಹತ್ತುವುದೇ ದೊಡ್ಡ ಪ್ರಯಾಸ. ಕೆಳಗೆ ಸ್ಟೂಲ್ ಇಡಬೇಕು, ಬಲಗಾಲು ಮೊದಲು ಊರಬೇಕು, ಮಾವನಿಗೆ ಎರಡು ಮಾತು ಬೈಯಬೇಕು. ಒಮ್ಮೆ ಏರಿ ಕುಳಿತಳೆಂದರೆ ಮುಂದಿನ ಗಾಜಿನ ಕೆಳಗೆ ಕಾಲು ಪೂರ್ತಿ ಚಾಚಿ, ಕುಲುಕಾಟದಲ್ಲೇ ನಿದ್ದೆ ಹೋಗುತ್ತಿದ್ದಳು.

ಅಪ್ಪ ಏಳು ಸೀಟಿನ ಎಸ್‌ಯುವಿ ಕೊಳ್ಳಲು ಹೊರಟಾಗ ಅತ್ತೆಯನ್ನೂ ಕರೆದುಕೊಂಡು ಹೋದ. ಶೋರೂಮಿನ ಹುಡುಗ ಮುಂದಿನ ಬಾಗಿಲು ತೆರೆದು, "ಮಾವಶಿ, ಬಸಾ" ಎಂದು ಮರಾಠಿಯಲ್ಲಿ ಕೂಡಲು ಕರೆದ. ಇವಳು ಆ ಬಾಗಿಲನ್ನು ನೋಡಲೂ ಇಲ್ಲ. ನಡುವಿನ ಸೀಟು ಮಡಚಿಸಿ ಸೀದಾ ಹಿಂದಿನ ಸಾಲಿಗೆ ನುಗ್ಗಿದಳು.

"ಮುಂದ ಗಂಡಸರು ಕೂಡ್ತಾರ. ನನಗ ಕೊಡೋದು ಈ ಜಾಗ. ಅದಕ್ಕ ಇದನ್ನೇ ನೋಡ್ತೀನಿ" ಎಂದು ಅಪ್ಪನಿಗೆ ಹೇಳಿದಳು. ಕಾಲನ್ನು ಅಡ್ಡ ಮಾಡಿದಳು, ಓರೆ ಮಾಡಿದಳು, ಆಗಲಿಲ್ಲ. "ತಮ್ಮಾ, ಗಾದಿ ಬೆಣ್ಣಿ ಇದ್ದಂಗ ಅದ, ಖರೆ. ಲಾರಿ ಗಾದಿ ಕಲ್ಲು. ಆದ್ರ ಬೆಣ್ಣಿ ಮ್ಯಾಲ ಕುಂತು ಮೊಣಕಾಲು ಎಲ್ಲಿಡ್ಲಿ? ನಿನ್ನ ತಲಿ ಮ್ಯಾಲ?"

ಅಪ್ಪ ನಕ್ಕ, ಅದೇ ಗಾಡಿ ಕೊಂಡ.

ನನ್ನ ನಿಶ್ಚಯ ಆದದ್ದು ನಾಶಿಕದಲ್ಲಿ, ಗಂಡಿನ ಕಡೆಯವರು ಹಿಡಿದ ಹಾಲ್‌ನಲ್ಲಿ. ಅಮ್ಮ ಹಿಂದಿನ ದಿನವೇ ಹೋಗಿದ್ದಳು. ಹೊರಡುವ ಹೊತ್ತಿಗೆ ಸ್ಟಿಯರಿಂಗ್ ಮುಂದೆ ಅಪ್ಪ, ಪಕ್ಕದಲ್ಲಿ ನನ್ನ ಅಕ್ಕನ ಗಂಡ, ನಡುವೆ ಬೀದರಿನಿಂದ ಬಂದ ಮೂವರು ಹಿರಿಯರು. ಹಿಂದಿನ ಸಾಲಿಗೆ ಉಳಿದವರು ರೇಷ್ಮೆ ಸೀರೆ ಉಟ್ಟ ಮದುಮಗಳಾದ ನಾನು, ಮತ್ತು ಅತ್ತೆ. ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಹೆಂಗಸರು ತಾವಾಗಿಯೇ ಹೋಗಿ ಹಿಂದೆ ಮುದುಡಿಕೊಳ್ಳುತ್ತಾರೆ. ನಾನೂ ಹಾಗೆಯೇ ಹತ್ತಿ ಕುಳಿತಿದ್ದೆ.

"ಅಳಿಯಾಗ ಹಿಂದ ಕಳಸು, ನಾ ಮುಂದ ಕೂಡ್ತೀನಿ" ಎಂದಳು ಅತ್ತೆ.

"ಅಕ್ಕಾ, ಅಳಿಯಾಗ ಹಿಂದ ಕೂಡ್ಸೋದಾ? ಮಂದಿ ಏನಂದಾರು? ಮೂರು ನಾಲ್ಕು ತಾಸಿನ ಮಾತು, ಸಂಭಾಳಸ್ಕೊ."

"ಮಂದಿನೇ ಸಂಭಾಳಸ್ಕೊಳ್ಳಲಿ. ನಾ ಲಾರಿಯೊಳಗ ಬರ್ತೀನಿ." ಮಾವ ಅಂದು ದಿಂಡೋರಿಗೆ ಖಾಲಿ ದ್ರಾಕ್ಷಿ ಕ್ರೇಟು ಹೇರಿಕೊಂಡು ಹೊರಟಿದ್ದ, ಹಾದಿಯಲ್ಲೇ ನಾಶಿಕ.

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಹುಡುಗಿ ಮನಿಯವರು ಲಾರಿಯಿಂದ ಇಳಿದ್ರ ಸಂಬಂಧ ಮುರಿದು ಬೀಳ್ತದ."

"ಲಾರಿ ನೋಡಿ ಮುರಿಯೋ ಸಂಬಂಧ ಇವತ್ತೇ ಮುರೀಲಿ. ಪಾಪ, ನಾಳಿಗ್ಯಾಕ ಇಡ್ತೀ?" ಆಮೇಲೆ ನನ್ನ ಕಡೆ ತಿರುಗಿ, "ನಿನಗ ಅಲ್ಲಿ ಆರಾಮ ಅದ ಏನವಾ?" ಎಂದು ಕೇಳಿದಳು.

ನನ್ನನ್ನು ಹಾಗೆ ಕೇಳಿದ ಮೊದಲ ವ್ಯಕ್ತಿ ಅವಳು. ಆರಾಮ ಇರಲಿಲ್ಲ. ಇಳಿದುಬಿಟ್ಟೆ. ಅಪ್ಪ ಹೆಸರು ಹಿಡಿದು ಕೂಗುತ್ತಿದ್ದ. ನಾನು ನೆರಿಗೆ ಎತ್ತಿ ಹಿಡಿದು ಲಾರಿ ಹತ್ತಿದೆ.

ಹಾಲ್ ಮುಂದೆ ಇಳಿದಾಗ ಗಂಡಿನ ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದು, "ಮುಲಗಿ ಟ್ರಕ್‌ನೇ ಆಲಿ?", ಹುಡುಗಿ ಲಾರಿಯಲ್ಲಿ ಬಂದಳೇ, ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಅತ್ತೆ ಇನ್ನೂ ಗಟ್ಟಿಯಾಗಿ, "ಹೋ, ಟ್ರಕ್‌ನೇಚ", ಹೌದು, ಲಾರಿಯಲ್ಲೇ, ಎಂದು ಕುರ್ಚಿ ಎಳೆದು ಕುಳಿತು ಕಾಲು ಚಾಚಿದಳು. ಒಳಗೆ ಗುಸುಗುಸು ನಡೆಯಿತು, ಅಪ್ಪನ ಅಂಗಿ ಬೆವರಿನಲ್ಲಿ ತೊಯ್ಯಿತು. ಸಂಬಂಧವೇನೂ ಮುರಿಯಲಿಲ್ಲ. ಗಂಡನ ಮನೆಯಲ್ಲಿ ಇವತ್ತಿಗೂ ನನ್ನನ್ನು ಲಾರಿ ಸೊಸೆ ಎಂದು ಕಿಚಾಯಿಸುತ್ತಾರೆ. ಕಿಚಾಯಿಸಲಿ. ಅವರ ಗಾಡಿಯಲ್ಲಿ ನಾನು ಮುಂದೆ ಕೂಡುತ್ತೇನೆ.

ಹೋದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ; ಕುಣಿಯೊಳಗೆ ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಕೂಡಿಸುತ್ತೇವೆ. ರುದ್ರಭೂಮಿಯಲ್ಲಿ ನಾನೂ ಇದ್ದೆ. ಎಲ್ಲರಿಗೂ ತೋಡುವಷ್ಟೇ ಕುಣಿ ತೋಡಿದ್ದರು. ಎಡಗಾಲು ಒಳಗೆ ಹಿಡಿಸಲಿಲ್ಲ.

"ಒತ್ತಿ ಮಡಚ್ರಿ. ಮುರಿದ್ರೂ ಈಗೇನು ನೋಯಂಗಿಲ್ಲ" ಎಂದರು ಬೀದರಿನ ಹಿರಿಯರೊಬ್ಬರು. ಇಬ್ಬರು ಮುಂದೆ ಬಂದು ಮೊಣಕಾಲಿಗೆ ಕೈ ಹಾಕಿದರು.

"ಕೈ ತಗೀರಿ" ಎಂದೆ. ಹೆಂಗಸಿನ ದನಿಗೆ ಅಷ್ಟೂ ಜನ ತಿರುಗಿ ನೋಡಿದರು. "ಕಾಲು ಮಡಚೋದಲ್ಲ, ಕುಣಿ ದೊಡ್ಡದು ಮಾಡ್ರಿ."

"ಹಂಗ ಪದ್ಧತಿ ಇಲ್ಲವಾ" ಎಂದರು ಹಿರಿಯರು.

"ಇಲ್ಲಂದ್ರ ಇವತ್ತು ಮಾಡ್ರಿ."

ಅಷ್ಟರಲ್ಲಿ ಅಪ್ಪ ಒಬ್ಬನ ಕೈಯಿಂದ ಗುದ್ದಲಿ ಇಸಕೊಂಡು, ಆ ವಯಸ್ಸಿನಲ್ಲಿ ತಾನೇ ಕುಣಿಗೆ ಇಳಿದ. ಎದುರಿನ ಮಣ್ಣಿಗೆ ಒಂದು ಪೆಟ್ಟು ಹಾಕಿ, ತಲೆ ಎತ್ತಿ ನನ್ನನ್ನೇ ಕೇಳಿದ.

"ಎಷ್ಟು ತೋಡ್ಲಿ?"

"ಅಕೀ ಕಾಲು ಪೂರಾ ಚಾಚೋವಷ್ಟು" ಎಂದೆ.