ಹುಬ್ಬಿನ ನಡುವಿನ ಎರಡು ಗೆರೆ

ನನ್ನ ಮುಖ ನನಗೆ ಬಾಯಿಪಾಠವಾಗಿದೆ ಎಂದೇ ಅರವತ್ತೊಂದು ವರ್ಷ ನಂಬಿಕೊಂಡಿದ್ದೆ. ಪೆನ್ಸಿಲ್ ಹಿಡಿದು ಕನ್ನಡಿಯೆದುರು ಕೂತ ಮೇಲೆ, ನನ್ನ ಮೂಗು ಎಲ್ಲಿ ಶುರುವಾಗುತ್ತದೆ ಎಂಬುದೂ ನನಗೆ ಗೊತ್ತಿಲ್ಲವೆಂದು ತಿಳಿಯಿತು. ಮೊದಲ ಚಿತ್ರದಲ್ಲಿ ನಾನು ಬದನೆಕಾಯಿಯಂತೆ ಬಂದೆ. ಎರಡನೆಯದರಲ್ಲಿ ನನ್ನ ನಾದಿನಿಯಂತೆ. ಬದನೆಕಾಯಿಯೇ ವಾಸಿಯಿತ್ತು ಅನ್ನಿ.

ಈ ವಯಸ್ಸಿನಲ್ಲಿ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಹಾಲಿನ ಗೋಡೆಯ ಮೇಲಿದೆ. ನನ್ನ ಅವ್ವನ ಫೋಟೊ. ಅವ್ವ ಹೋದಾಗ ಅವಳೊಬ್ಬಳದೇ ಎನ್ನುವ ಒಂದು ಫೋಟೊ ಕೂಡ ಇರಲಿಲ್ಲ. ಯಾರದೋ ಮದುವೆಯ ಗುಂಪುಫೋಟೊದಿಂದ ಅವಳ ಮುಖವನ್ನಷ್ಟೇ ಕತ್ತರಿಸಿ, ಊರಿನ ಸ್ಟುಡಿಯೊದವನು ದೊಡ್ಡದು ಮಾಡಿಕೊಟ್ಟ. ಪುಣ್ಯಾತ್ಮ, ಮುಖದ ಗೆರೆಗಳನ್ನೆಲ್ಲ ತಿದ್ದಿ ತೆಗೆದ. ಅವಳು ಕಂಡೇ ಇರದ ಸರವೊಂದನ್ನು ಕೊರಳಿಗೆ ಬರೆದ. ಎಡಭುಜದ ಮೇಲೆ ಮಾತ್ರ ಯಾರದೋ ನಾಲ್ಕು ಬೆರಳು ಹಾಗೇ ಉಳಿದುಬಿಟ್ಟವು. ಹಾರ ಹಾಕುವಾಗೆಲ್ಲ ಆ ಬೆರಳಿಗೂ ಸಲ್ಲುತ್ತದೆ. ಆ ನುಣುಪು ಮುಖದಲ್ಲಿ ನನ್ನ ಅವ್ವ ಇಲ್ಲ. ಅದು ನನಗೆ ಇವತ್ತಿಗೂ ಸಂಕಟ. ನನಗೂ ಇದೇ ಗತಿ ಬರಬಾರದು, ಗೋಡೆಗೆ ಹೋಗುವ ಮುಖವನ್ನು ಬದುಕಿರುವಾಗಲೇ ನಾನೇ ಬರೆದಿಡಬೇಕು ಎಂದು ಹಟ ತೊಟ್ಟೆ.

ನಮ್ಮವರು ವಾಯುಪಡೆಯಲ್ಲಿ ವಿಮಾನದ ಇಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಕಡೆಯ ವರ್ಗಾವಣೆ ನಾಗಪುರಕ್ಕಾದದ್ದರಿಂದ ಇಲ್ಲೇ ಮನೀಶ್ ನಗರದಲ್ಲಿ ಮನೆ ಮಾಡಿದೆವು. ನನ್ನ ಹಟ ಕೇಳಿ ಅವರು, "ಮೊಬೈಲಿನ್ಯಾಗ ಒಂದ ಸೆಲ್ಫಿ ಹೊಡಕೊಂಡ್ರ ಮುಗೀತಲ್ಲ. ಇಷ್ಟ್ಯಾಕ ತ್ರಾಸ ತಗೋತಿ?" ಎಂದರು.

"ಸೆಲ್ಫಿಯೊಳಗ ಎಲ್ಲಾರೂ ಹಲ್ಲು ಕಿಸೀತಾರ್ರೀ. ನಾ ದಿನಾ ಹಂಗ ಇರ್ತೀನೇನು?"

ಅವರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಜಾಣರು.

ನಿಜ ಹೇಳಬೇಕೆಂದರೆ, ಭಾವಚಿತ್ರದ ಚರಿತ್ರೆಯೇ ಮುಲಾಜಿನ ಚರಿತ್ರೆ. ಹಳೆಯ ಗುಡಿಗಳಲ್ಲಿ ಕೈಮುಗಿದು ನಿಂತ ದಾನಿಗಳ ಶಿಲ್ಪ ನೋಡಿದ್ದೀರಲ್ಲ? ರಾಜನಿಗೂ ದೇವರಿಗೂ ಒಂದೇ ಮೂಗು. ಆಮೇಲೆ ಬಂದ ಆಸ್ಥಾನದ ಚಿತ್ರಕಾರರು ದೊರೆಯನ್ನು ಒಂದು ಮಗ್ಗುಲಿನಿಂದ ಬರೆದು, ಕೈಗೆ ಗುಲಾಬಿ ಕೊಟ್ಟು, ತಲೆಯ ಹಿಂದೆ ಪ್ರಭಾವಳಿ ಇಟ್ಟರು. ಸಿಡುಬಿನ ಕಲೆಗಳೆಲ್ಲ ಕಾಣದ ಮಗ್ಗುಲಿಗೇ ಹೋಗಿರಬೇಕು. ಸ್ಟುಡಿಯೊಗಳ ಕಾಲಕ್ಕೆ, ಪರದೆಯ ಮೇಲೆ ಬರೆದ ಅರಮನೆಯ ಮೆಟ್ಟಿಲ ಮುಂದೆ ನಿಂತು ಗುಮಾಸ್ತರೂ ಜಮೀನ್ದಾರರಾದರು. ಮುಲಾಜಿಲ್ಲದೆ ಬರೆದವರೆಂದರೆ ಬಹುಶಃ ತಮ್ಮನ್ನೇ ಬರೆದುಕೊಂಡ ಬಡ ಚಿತ್ರಕಾರರು; ಎದುರು ಕೂರುವವರು ಯಾರೂ ಸಿಗದೆ ಕನ್ನಡಿ ಇಟ್ಟುಕೊಂಡವರು. ಅವರ ಚಿತ್ರಗಳನ್ನು ಪುಸ್ತಕಗಳಲ್ಲಿ ನೋಡಿದಾಗ, ಇವರೆಲ್ಲ ಯಾಕಪ್ಪಾ ಇಷ್ಟು ಸಿಡುಕರು ಎಂದುಕೊಳ್ಳುತ್ತಿದ್ದೆ. ಈಗ ಗೊತ್ತಾಯಿತು. ಕನ್ನಡಿಯನ್ನೂ ಕಾಗದವನ್ನೂ ಗಂಟೆಗಟ್ಟಲೆ ದಿಟ್ಟಿಸುವವರ ಹುಬ್ಬು ತಾನಾಗಿಯೇ ಗಂಟಿಕ್ಕುತ್ತದೆ.

ನನ್ನದೂ ಗಂಟಿಕ್ಕಿತು. ಮೇ ತಿಂಗಳ ಬಿಸಿಲು, ಕೂಲರ್ ಹಾಕಿದರೆ ಕಾಗದ ಹಾರುತ್ತದೆ, ಆರಿಸಿದರೆ ಬೆವರು ಹನಿಯುತ್ತದೆ. ಆದರೂ ದಿನಾ ಕೂತೆ. ನಮ್ಮವರು ಸ್ಟೀಲಿನ ಸ್ಕೇಲು ತಂದು ಅಳೆದರು. "ಎಡಗಣ್ಣು ಎರಡ ಎಮ್ಮೆಮ್ ಮ್ಯಾಲೈತಿ."

"ಇರ್ಲಿ ಬಿಡ್ರಿ, ಇದನ್ನೇನ ಹಾರಸೋದೈತೇನು?"

ಏಳನೆಯ ಚಿತ್ರ ಕೊನೆಗೂ ನನ್ನಂತೆ ಬಂತು. ಅಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಹೆಂಗಸು, ಎಲ್ಲರೂ ಕಾಕು ಎನ್ನುವವರು, ಕರಿಬೇವಿಗೆಂದು ಬಂದವರು ಅದನ್ನು ನೋಡಿ, "ಇತ್ನಾ ಗುಸ್ಸಾ ಕ್ಯೋಂ, ಭಾಭೀ?" ಇಷ್ಟೇಕೆ ಸಿಟ್ಟು ಎಂದು ಗಲ್ಲಕ್ಕೆ ಕೈಯಿಟ್ಟರು. ಹುಬ್ಬಿನ ನಡುವಿನ ಎರಡು ಗೆರೆ ಅಳಿಸಿದರೆ ಎಷ್ಟೋ ಚೆನ್ನಾಗಿ ಕಾಣುತ್ತೀರಿ ಎಂದು ಸಲಹೆಯನ್ನೂ ಕೊಟ್ಟು ಹೋದರು. ಸುಳ್ಳೇಕೆ ಹೇಳಲಿ, ನನ್ನ ಹಟ ಅಲ್ಲಾಡಿತು. ಚೆನ್ನಾಗಿ ಕಾಣುವ ಆಸೆ ಯಾರಿಗಿಲ್ಲ? ರಬ್ಬರು ಕೈಗೆತ್ತಿಕೊಂಡೆ.

"ತಡಿ, ಅವನ್ನ ಮುಟ್ಟಬ್ಯಾಡ," ಎಂದರು ನಮ್ಮವರು. ಅವರು ನನ್ನ ಸೋದರಮಾವನ ಮಗ. ಅವ್ವ ಅವರಿಗೆ ಮದುವೆಗೆ ಮೊದಲೂ ಅತ್ತೆಯೇ. "ಅತ್ತಿ ಅಕ್ಕಿ ಹಸನ ಮಾಡುವಾಗ ಬರೋಬರ್ ಹಿಂಗ ನೋಡ್ತಿದ್ಲು. ಕಲ್ಲು ಸಿಗೋತನಕಾ ಹುಬ್ಬು ಸಡಲ ಬಿಡ್ತಿರಲಿಲ್ಲ."

ಗೋಡೆಯ ಫೋಟೊ ನೋಡಿದೆ. ಹುಬ್ಬಿನ ನಡುವೆ ಏನೂ ಇಲ್ಲ, ಬರೀ ನುಣುಪು. ಕಿಟಕಿಯ ಬೆಳಕಿಗೆ ಮೊರ ಹಿಡಿದು ಕೂತ ಅವ್ವ ಕಣ್ಣಿಗೆ ಕಟ್ಟಿದಳು. ಸ್ಟುಡಿಯೊದವನು ಅಳಿಸಿದ ಗೆರೆಗಳನ್ನೇ ನಾನೂ ಅಳಿಸಹೊರಟಿದ್ದೆ! ಅಳು ಬಂತು. ಕಣ್ಣೊರೆಸಿಕೊಂಡು, ರಬ್ಬರು ಡಬ್ಬಿಗೆ ಹಾಕಿ, ಆ ಎರಡೂ ಗೆರೆಗಳನ್ನು ಪೆನ್ಸಿಲಿನಿಂದ ಇನ್ನಷ್ಟು ಗಟ್ಟಿ ಮಾಡಿದೆ. ಅವ್ವನ ಫೋಟೊದ ಪಕ್ಕದಲ್ಲಿ ಮೊಳೆಯನ್ನೂ ನಾನೇ ಹೊಡೆದೆ.

ಈಗ ಹಬ್ಬದ ದಿನ ಹಾರವನ್ನು ಅವ್ವನ ಫೋಟೊಗೆ ಹಾಕುತ್ತೇನೆ. ಆಮೇಲೆ ಸ್ವಲ್ಪ ಬಲಕ್ಕೆ ತಿರುಗಿ ನನ್ನ ಚಿತ್ರಕ್ಕೆ ಕೈಮುಗಿಯುತ್ತೇನೆ. ನೋಡಿದವರು, ಈ ಹೆಂಗಸಿಗೆ ತನ್ನ ಮೇಲೇ ಎಷ್ಟು ಭಕ್ತಿ ಎಂದುಕೊಂಡರೆ ಎಂದುಕೊಳ್ಳಲಿ.